ಇಲ್ಲದ ಕಾಯಿಲೆ

ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಮಗಳು ತಗಡಿನ ಟ್ರಂಕು ಹಿಡಿದು ಬಾಗಿಲಿಗೆ ಬಂದು ನಿಂತಾಗ ಆರೋಗ್ಯಮ್ಮ ಮೊದಲು ನೋಡಿದ್ದು ಬೀದಿಯನ್ನು. ಎದುರು ಮನೆಯ ಜಗುಲಿ ಖಾಲಿಯಿತ್ತು. ನಲ್ಲಿಯ ಹತ್ತಿರವೂ ಯಾರೂ ಇರಲಿಲ್ಲ. ಹುಣಸೆಹಣ್ಣು ಬಿಡಿಸುತ್ತಿದ್ದ ಅಂಟುಗೈಯಲ್ಲೇ ಮಗಳ ರಟ್ಟೆ ಹಿಡಿದು ಒಳಕ್ಕೆಳೆದುಕೊಂಡು ಕದ ಮುಚ್ಚಿ ಚಿಲಕ ಹಾಕಿದಳು. ಆಮೇಲೆ ಮಗಳ ಮುಖ ನೋಡಿದಳು. ಸಲೋಮಿ ಸೊರಗಿದ್ದಳು. ಸನ್ಯಾಸಿನಿಯರ ಕಾನ್ವೆಂಟಿನ ಹುಡುಗಿಯರು ಉಡುವ ಬಿಳಿ ಸೀರೆಯ ಬದಲು ಯಾರದೋ ಹಳೆಯ ಹೂವಿನ ಸೀರೆ ಉಟ್ಟಿದ್ದಳು.

"ರಜ ಕೊಟ್ಟವ್ರಾ?"

"ಇಲ್ಲ ಕಣವ್ವ. ಬುಟ್ಟು ಬಂದೆ."

ಮೂಲೆಯಲ್ಲಿ ಕಾಲು ಚಾಚಿ ಕುಳಿತಿದ್ದ ಅತ್ತೆ ಜ್ಞಾನಮ್ಮ, ಹುಣಸೆಬೀಜ ಆರಿಸುವುದನ್ನು ನಿಲ್ಲಿಸಿ ಸೊಸೆಯ ಕಡೆ ತಿರುಗಿದಳು. "ಮೊದ್ಲು ಮಗೀಗೆ ನೀರು ಕೊಡು. ಕೇಳಾದ ಆಮೇಕೆ ಕೇಳೀಯಂತೆ," ಎಂದಳು. ಆರೋಗ್ಯಮ್ಮ ನೀರು ತಂದುಕೊಟ್ಟಳು. ಉಂಡೆಯಾ ಎಂದು ಕೇಳಬೇಕೆಂದು ಅವಳಿಗೆ ಹೊಳೆದದ್ದು ಮಗಳು ಲೋಟ ತೊಳೆದು ಬೋರಲು ಹಾಕಿದ ಮೇಲೆಯೇ.

ಸಲೋಮಿಗಿಂತ ಮೊದಲು ಆರೋಗ್ಯಮ್ಮನಿಗೆ ಹುಟ್ಟಿದ ಎರಡು ಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಮೂರನೆಯದಕ್ಕೂ ಜ್ವರ ಏರಿ ಕಣ್ಣು ಮೇಲಾದಾಗ ಅವಳು ಚರ್ಚಿಗೆ ಓಡಿ, ಮಾತೆಯ ಪ್ರತಿಮೆಯ ಮುಂದೆ ಬರೀ ನೆಲದ ಮೇಲೆ ಮಗುವನ್ನು ಮಲಗಿಸಿ, ಇದನ್ನೊಂದು ಉಳಿಸಿಕೊಟ್ಟರೆ ನಿನಗೇ ಬಿಡುತ್ತೇನೆ ಎಂದು ಹರಕೆ ಹೊತ್ತಳು. ಮಗು ಉಳಿಯಿತು. ಹರಕೆಯ ಸುದ್ದಿ ಕೇರಿಗೆಲ್ಲ ಹಬ್ಬಿತು. ಹುಡುಗಿ ಇನ್ನೂ ಲಂಗ ಹಾಕಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದಾಗಲೇ ಜನ ಅವಳನ್ನು ಸಿಸ್ಟರಮ್ಮ ಎಂದು ಕರೆಯತೊಡಗಿದರು. ಹತ್ತನೇ ಕ್ಲಾಸು ಪಾಸಾದ ಬೇಸಿಗೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಹೋಗಿ ಗುಂಡ್ಲುಪೇಟೆಯಿಂದಾಚೆ, ಕೇರಳದ ಗಡಿ ದಾಟಿದ ಮೇಲೆ ಸಿಗುವ ಒಂದು ಕಾನ್ವೆಂಟಿಗೆ ಅವಳನ್ನು ಸೇರಿಸಿ ಬಂದರು. ನಿನಗೆ ಇಷ್ಟವಾ ಎಂದು ಯಾರೂ ಕೇಳಲಿಲ್ಲ. ಕೇಳುವಂಥ ಮಾತು ಅದು ಎಂದು ಯಾರಿಗೂ ಅನ್ನಿಸಲೂ ಇಲ್ಲ.

ಅಲ್ಲಿಂದೀಚೆಗೆ ಆರೋಗ್ಯಮ್ಮನಿಗೆ ಚಾಮರಾಜನಗರದ ಕ್ರೈಸ್ತರ ನಡುವೆ ಒಂದು ಸ್ಥಾನ ಬಂತು. ಚರ್ಚಿನ ಭಾನುವಾರದ ಪೂಜೆಯಲ್ಲಿ ಹೆಂಗಸರ ಕಡೆಯ ಮುಂದಿನ ಸಾಲು ಅವಳದಾಯಿತು. ಮಾತೆಯರ ಸಂಘಕ್ಕೆ ಅವಳನ್ನೇ ಅಧ್ಯಕ್ಷೆ ಮಾಡಿದರು. ಗಂಡ ಚೌರಪ್ಪ ಉಮ್ಮತ್ತೂರು ಕಡೆಯ ಬಸ್ಸಿನಲ್ಲಿ ಕಂಡಕ್ಟರು. ಓದಿದ್ದು ಕಡಿಮೆಯಾದರೂ ಮಾತುಗಾರ. ವಾರದ ರಜೆಯ ದಿನ ಫಾದರ್ ಅವರ ಅನುಮತಿ ಪಡೆದು ಹಳ್ಳಿ ಹಳ್ಳಿಗೆ ಹೋಗಿ ಬೋಧನೆ ಮಾಡುತ್ತಿದ್ದ. ದೇವರ ಪ್ರೀತಿಯ ಮೇಲೆ ಅವನು ಮಾತಾಡತೊಡಗಿದರೆ ಅಳುವ ಕೂಸುಗಳೂ ಸುಮ್ಮನಾಗುತ್ತಿದ್ದವು. ಬೋಧನೆಯ ಕೊನೆಗೆ ಮಗಳನ್ನು ತನ್ನ ಹೆಂಡತಿ ದೇವರಿಗೆ ಒಪ್ಪಿಸಿದ ಕಥೆ ಹೇಳುವುದು ಅವನ ರೂಢಿ. ಆಗ ಜನ ತಿರುಗಿ ಆರೋಗ್ಯಮ್ಮನನ್ನು ನೋಡುತ್ತಿದ್ದರು. ಅವಳು ತಲೆ ತಗ್ಗಿಸಿಕೊಳ್ಳುತ್ತಿದ್ದಳು. ಆ ತಲೆ ತಗ್ಗಿಸುವುದರಲ್ಲಿ ಎಷ್ಟು ಸುಖವಿತ್ತೆಂಬುದು ಅವಳಿಗೆ ಮಾತ್ರ ಗೊತ್ತಿತ್ತು.

ಸಂಜೆ ಖಾಕಿ ಬಟ್ಟೆಯಲ್ಲೇ ಬಂದ ಚೌರಪ್ಪ ಟ್ರಂಕನ್ನೂ ಮಗಳನ್ನೂ ನೋಡಿ ಸುಮ್ಮನೆ ಕೈಕಾಲು ತೊಳೆದು ಬಂದ. ಕಾನ್ವೆಂಟಿನಲ್ಲಿ ಏನಾದರೂ ತಪ್ಪು ಮಾಡಿದೆಯಾ ಎಂದು ಕೇಳಿದ. ಇಲ್ಲವೆಂದಳು. ಯಾರಾದರೂ ಗಂಡಸಿನ ವಿಷಯವಾ ಎಂದು ಕೇಳಿದ. ಅದಕ್ಕೂ ಇಲ್ಲವೆಂದಳು.

"ಮತ್ಯಾಕೆ?"

"ಅಲ್ಲಿ ಯಾರೂ ನನ್ನ ಕೆಟ್ಟದಾಗಿ ನೋಡ್ಕಳ್ಳಿಲ್ಲ ಅಪ್ಪ. ಈಸ್ಟರ್ ಆದ್ಮೇಲೆ ಮಾತು ಕೊಡ್ಬೇಕಿತ್ತು, ಬದುಕಿರೋವರ್ಗೂ ಇಲ್ಲೇ ಇರ್ತೀನಿ ಅನ್ನೋ ದಾರಿಗೆ ಮೊದ್ಲನೇ ಮಾತು. ದಿನಾ ರಾಗ ಹಾಕಿ ಕಲೀತಿದ್ದೆ. ನನ್ನ ಬಾಯಲ್ಲಿ ಅದು ಸುಳ್ಳಾಯ್ತದೆ ಅನ್ನಿಸ್ತು. ಮದರ್‌ಗೆ ಹೇಳ್ದೆ. ಬಲವಂತದ ಮಾತು ದೇವ್ರಿಗೂ ಬ್ಯಾಡ, ಮನೆಗೆ ಓಗು ಅಂತ ಅವ್ರೇ ಬಸ್ ಹತ್ತಿಸಿದ್ರು."

"ಅವ್ರು ಹತ್ತಿಸ್ತಾರೆ," ಎಂದ ಚೌರಪ್ಪ. "ಇಳ್ಕಂಡ್ಮೇಲೆ ಜನಕ್ಕೆ ಮಖ ತೋರ್ಸೋರು ನಾವು."

ಅಷ್ಟೇ ಆದದ್ದು. ಬೈಯಲಿಲ್ಲ, ಹೊಡೆಯಲಿಲ್ಲ. ಉಪ್ಸಾರು ಮುದ್ದೆ ಉಂಡು, ಈ ಭಾನುವಾರ ಪೂಜೆಗೆ ಬರುವುದು ಬೇಡ ಎಂದಷ್ಟೇ ಹೇಳಿ ಹೊರಗೆ ಹೋದ. ಜ್ಞಾನಮ್ಮ ಮಾತ್ರ ಮೊಮ್ಮಗಳ ತಟ್ಟೆಗೆ ಇನ್ನೊಂದು ತುತ್ತು ಮುದ್ದೆ ಮುರಿದು ಹಾಕಿ, ಉಣ್ಣು ಉಣ್ಣು ಎಂದಳು.

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಸಂಘದ ಹೆಂಗಸರು ಆರೋಗ್ಯಮ್ಮನನ್ನು ಸುತ್ತಿಕೊಂಡರು. ಸಲೋಮಿ ಬಸ್ಸಿಳಿದದ್ದನ್ನು ಒಬ್ಬಳು ನೋಡಿದ್ದಳು. ಮಾತು ಕೊಡುವ ಹಬ್ಬ ಇಷ್ಟು ಹತ್ತಿರ ಇಟ್ಟುಕೊಂಡು ಬಂದಳಲ್ಲ, ಯಾಕೆ ಎಂದು ಕೇಳಿದರು. ಆರೋಗ್ಯಮ್ಮ ಬೆಳಗಿನಿಂದ ಆ ಪ್ರಶ್ನೆಗೇ ಹೆದರಿದ್ದಳು. ಆದರೂ ಅದು ಬಂದಾಗ ಉತ್ತರ ತಾನಾಗೇ ನಾಲಿಗೆಗೆ ಬಂತು.

"ಎದೇಲಿ ನೋವು ಅಂತಾಳೆ ಕಣಕ್ಕ. ಕೆಮ್ಮು ಬ್ಯಾರೆ. ವಸಿ ದಿನ ಮನೇಲಿ ಸುಧಾರಿಸ್ಕಳ್ಳಿ ಅಂತ ಕಳ್ಸವ್ರೆ."

ಹೆಂಗಸರ ಮುಖಗಳು ಒಟ್ಟಿಗೇ ಕರಗಿದವು. ಪಾಪ, ಅಷ್ಟು ಸಣ್ಣವಳಿಗೆ ಎಂದರು. ದೇವರು ತನ್ನವರನ್ನೇ ಹೆಚ್ಚು ಪರೀಕ್ಷೆ ಮಾಡುತ್ತಾನೆ ಎಂದು ಒಬ್ಬಳು ಆರೋಗ್ಯಮ್ಮನ ಕೈ ಹಿಡಿದುಕೊಂಡಳು. ಮನೆಗೆ ಬರುವ ದಾರಿಯಲ್ಲಿ ಆರೋಗ್ಯಮ್ಮ ಯಾರ ಮುಖವನ್ನೂ ನೋಡದೆ ನಡೆದಳು. ಆದರೆ ತಲೆಯ ಮೇಲಿನ ಭಾರ ಇಳಿದದ್ದೂ ನಿಜ.

ಸುಳ್ಳು ಅಲ್ಲಿಗೆ ನಿಲ್ಲಲಿಲ್ಲ. ಎದೆನೋವು ಅಂದದ್ದು ಮುಂದಿನ ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆಯ ಹೊತ್ತಿಗೆ ಟಿ.ಬಿ. ಆಗಿತ್ತು. "ಅದೇಯೇನಕ್ಕ?" ಎಂದು ಒಬ್ಬಳು ಕಿವಿಯಲ್ಲಿ ಕೇಳಿದಾಗ ಆರೋಗ್ಯಮ್ಮ, "ಅಂಗೇನಿಲ್ಲ ಬುಡಿ," ಎಂದಳು. ಕೇಳಿದವಳಿಗೆ ಅದು ಹೌದೆಂದೇ ಕೇಳಿಸುವಂತೆ ಅಂದಳು. ಪಕ್ಕದ ಮನೆಯ ಮಹಾಲಕ್ಷ್ಮಮ್ಮ ಆಡುಸೋಗೆ ಸೊಪ್ಪಿನ ಕಷಾಯ ಕಾಯಿಸಿ ಗೋಡೆಯ ಮೇಲಿಂದ ಚೊಂಬು ದಾಟಿಸಿದಳು. ದಿನಾ ಬೆಳಗ್ಗೆ ಕುಡಿಸು, ಚೊಂಬು ನಿಮ್ಮಲ್ಲೇ ಇರಲಿ, ವಾಪಸ್ಸು ಬೇಡ ಎಂದಳು. ಆರೋಗ್ಯಮ್ಮ ಅದನ್ನು ಹಿತ್ತಲಿಗೆ ಒಯ್ದು ಮೋರಿಗೆ ಚೆಲ್ಲಿದಳು. ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದಳು.

"ಇಲ್ದಿರೋ ಕಾಯ್ಲೆಗೆ ಕಷಾಯ ಬ್ಯಾರೆಯಾ?" ಎಂದಳು ಜ್ಞಾನಮ್ಮ.

"ನೀವು ಸುಮ್ನಿರಿ ಅತ್ತೆ. ನಿಮ್ಗೇನು, ಮನೇಲಿ ಕೂತಿರ್ತೀರ. ಬೀದೀಲಿ ತಲೆ ಎತ್ಕಂಡು ಓಡಾಡ್ಬೇಕಾದೋಳು ನಾನು."

"ಅವ್ಳೂ ಓಡಾಡ್ಬೇಕಲ್ಲವ್ವ," ಎಂದು ಮುದುಕಿ ಒಳಗೆ ಹೋದಳು.

ಇದೊಂದೂ ಸಲೋಮಿಗೆ ಗೊತ್ತಿರಲಿಲ್ಲ. ಕಾನ್ವೆಂಟಿನ ಅಭ್ಯಾಸದಂತೆ ಅವಳು ಕೋಳಿ ಕೂಗುವ ಮೊದಲೇ ಎದ್ದು ನೀರು ಹಿಡಿದು, ಪಾತ್ರೆ ಬೆಳಗಿ, ಅಂಗಳ ಗುಡಿಸಿಬಿಡುತ್ತಿದ್ದಳು. ಊಟಕ್ಕೆ ಕುಳಿತರೆ ಮಾತಿಲ್ಲ, ತಟ್ಟೆ ಖಾಲಿಯಾದ ಕೂಡಲೇ ತೊಳೆದಿಡುತ್ತಿದ್ದಳು. ಒಂದು ದಿನ ಮನೆಯ ಮುಂದಿನ ತಂತಿಯ ಮೇಲೆ ಒಣಗಹಾಕಿದ್ದ ಅವಳ ಬಟ್ಟೆಗಳನ್ನು ಆರೋಗ್ಯಮ್ಮ ಒದ್ದೆಯಿದ್ದಂತೆಯೇ ಎಳೆದು ತಂದು ಹಿತ್ತಲಲ್ಲಿ ಹಾಕಲು ಹೇಳಿದಳು. ಹಿಂದೆ ಬಿಸಿಲಿಲ್ಲವಲ್ಲ ಎಂದರೆ, ಒಣಗದಿದ್ದರೂ ಚಿಂತೆಯಿಲ್ಲ ಎಂದಳು. ಸಲೋಮಿ ಅಮ್ಮನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಬಟ್ಟೆ ಎತ್ತಿಕೊಂಡು ಹಿಂದಕ್ಕೆ ಹೋದಳು.

ಕೂತು ಉಣ್ಣುವುದು ಅವಳಿಗೆ ಒಗ್ಗಲಿಲ್ಲ. ನಿವೃತ್ತ ಮೇಷ್ಟ್ರು ನೀಲಕಂಠಸ್ವಾಮಿ ತಮ್ಮ ಮನೆಯ ಹಜಾರದಲ್ಲೇ ಒಂದು ಶಿಶುವಿಹಾರ ನಡೆಸುತ್ತಿದ್ದರು. ಯಾರನ್ನೂ ಕೇಳದೆ ಅಲ್ಲಿಗೆ ಹೋಗಿ ಕೆಲಸ ಕೇಳಿದಳು. ಕಾನ್ವೆಂಟಿನಲ್ಲಿ ಮಕ್ಕಳಿಗೆ ಹಾಡು ಹೇಳಿಕೊಟ್ಟು ರೂಢಿಯಾಗಿದ್ದ ಹುಡುಗಿ. ಅವರು ಮರುದಿನದಿಂದಲೇ ಬಾ ಎಂದರು. ಆ ವಾರ ಮನೆಯಲ್ಲಿ ಸಲೋಮಿಯ ದನಿ ಕೇಳಿಸಿತು. ಯಾವುದೋ ಮಗು ಅವಳ ಸೆರಗಿನಲ್ಲೇ ಮೂಗು ಒರೆಸಿಕೊಂಡದ್ದನ್ನು ಅಜ್ಜಿಗೆ ಹೇಳಿ ಇಬ್ಬರೂ ನಕ್ಕರು. ಒಲೆಯ ಮುಂದೆ ಕುಳಿತಿದ್ದ ಆರೋಗ್ಯಮ್ಮನಿಗೆ ನಗು ಬರಲಿಲ್ಲ. ಸುದ್ದಿ ಶಿಶುವಿಹಾರದ ಬೀದಿಗೆ ಇನ್ನೂ ಮುಟ್ಟಿಲ್ಲ, ಮುಟ್ಟುವುದು ತಡವಾಗಲಾರದು ಎಂದು ಅವಳಿಗೆ ಗೊತ್ತಿತ್ತು. ಈಗಲಾದರೂ ಹೋಗಿ ಮೇಷ್ಟ್ರಿಗೆ ನಿಜ ಹೇಳಿಬಿಡಬೇಕು ಅಂದುಕೊಂಡಳು. ನಾಳೆ ಹೋದರಾಯಿತು ಅಂದುಕೊಂಡಳು.

ಆ ನಾಳೆ ಬರುವ ಮೊದಲೇ ಸಲೋಮಿ ಹೊತ್ತಿಗೆ ಮುಂಚೆ ಮನೆಗೆ ಬಂದಳು. ಆರೋಗ್ಯಮ್ಮ ಹಿಟ್ಟು ತೊಳಸುತ್ತಿದ್ದಳು. ಸಲೋಮಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು.

"ಮೇಷ್ಟ್ರು ದೂರ ನಿಂತ್ಕಂಡು ಮಾತಾಡಿದ್ರು ಕಣವ್ವ. ಔಷಧಿ ಪೂರ್ತಿ ಮುಗಿಸ್ಕಂಡು ಬಾಮ್ಮ, ಮಕ್ಕಳ ತಾಯ್ದೀರು ಗಲಾಟೆ ಮಾಡ್ತಾವ್ರೆ ಅಂದ್ರು. ಯಾವ ಔಷಧಿ?"

ಆರೋಗ್ಯಮ್ಮ ಹಿಟ್ಟುಕೋಲು ತಿರುಗಿಸುತ್ತಲೇ ಇದ್ದಳು. ಉತ್ತರ ಬಂದದ್ದು ಮೂಲೆಯಿಂದ.

"ನಿಂಗೆ ಟಿ.ಬಿ. ಅಂತೆ ಕಣಮ್ಮಿ," ಎಂದಳು ಜ್ಞಾನಮ್ಮ. "ಊರಿಗೆಲ್ಲ ಗೊತ್ತು. ನಿಂಗೊಬ್ಳಿಗೆ ಗೊತ್ತಿಲ್ಲ."

ಮುದ್ದೆ ತಳ ಹಿಡಿದ ವಾಸನೆ ಬಂತು. ಆರೋಗ್ಯಮ್ಮ ಪಾತ್ರೆ ಇಳಿಸಿ, ಮಗಳ ಕಡೆ ತಿರುಗದೆಯೇ ಹೇಳಿದಳು. ಕಾನ್ವೆಂಟ್ ಬಿಟ್ಟು ಬಂದವಳು ಅಂದರೆ ಜನ ಏನೇನು ಕಥೆ ಕಟ್ಟುತ್ತಾರೆ ಅಂತ ನಿನಗೆ ಗೊತ್ತಿಲ್ಲ, ಕಾಯಿಲೆ ಅಂದರೆ ಯಾರೂ ಬಾಯಿ ಬಿಡುವುದಿಲ್ಲ, ನಿನ್ನ ಮಾನ ಉಳಿಸುವುದಕ್ಕೇ ಹೇಳಿದ್ದು ಎಂದಳು.

"ನನ್ನ ಮಾನಕ್ಕೆ ಏನಾಗಿತ್ತವ್ವ?" ಎಂದಳು ಸಲೋಮಿ. "ಮುಂದಿನ ಸಾಲಲ್ಲಿ ಕೂರೋಳು ನೀನು."

ಆ ಮಧ್ಯಾಹ್ನದಿಂದ ಅವಳು ಬೇರೆಯೇ ಆದಳು. ಒಂದು ತಟ್ಟೆ, ಒಂದು ಲೋಟ ತೆಗೆದು ಹಿತ್ತಲ ಬಾಗಿಲ ಪಕ್ಕ ಪ್ರತ್ಯೇಕ ಇಟ್ಟುಕೊಂಡಳು. ಊಟಕ್ಕೆ ಅಲ್ಲೇ, ಎಲ್ಲರಿಂದ ದೂರ ಕುಳಿತಳು. ಯಾರಾದರೂ ಮನೆಗೆ ಬಂದರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಗೆ ಸರಿದಳು. ಪಾತ್ರೆ ಮುಟ್ಟಲು ಹೇಳಿದರೆ, ಬೇಡ ಕಣವ್ವ, ಅಂಟಿಕೊಂಡೀತು ಎಂದಳು. ಅದನ್ನು ಸಿಟ್ಟಿನಿಂದ ಹೇಳಿದ್ದರೆ ಆರೋಗ್ಯಮ್ಮ ಎದುರುತ್ತರ ಕೊಡುತ್ತಿದ್ದಳೇನೋ. ಸಲೋಮಿ ಅದನ್ನು ಕಾನ್ವೆಂಟಿನಲ್ಲಿ ಕಲಿತ ತಗ್ಗಿದ ದನಿಯಲ್ಲಿ, ತುಂಬ ಮರ್ಯಾದೆಯಿಂದ ಹೇಳುತ್ತಿದ್ದಳು. ಬಡಿಸಲು ಬಾಗಿದಾಗಲೆಲ್ಲ ಆ ಬೇರೆ ತಟ್ಟೆ ಕಂಡು ಆರೋಗ್ಯಮ್ಮ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಇದೇನು ಹೊಸ ನಾಟಕ ಎಂದು ಚೌರಪ್ಪ ಕೇಳಿದ. ಜ್ಞಾನಮ್ಮ ಮಗನಿಗೆ ಎಲ್ಲ ಹೇಳಿದಳು. ಅವನು ಅಚ್ಚರಿಪಡಲಿಲ್ಲ. ಬಸ್ಸಿನಲ್ಲಿ ಅವನನ್ನೂ ಜನ ಕೇಳುತ್ತಿದ್ದರು. ಮಗಳಿಗೆ ಹೇಗಿದೆ ಎಂದರೆ, ಪರವಾಗಿಲ್ಲ ಎನ್ನುತ್ತ ಟಿಕೆಟ್ ಹರಿದು ಕೊಡುತ್ತಿದ್ದ. "ಈಸ್ಟರ್ ಕಳೀಲಿ. ವಾಸಿ ಆಯ್ತು ಅಂದ್ಬುಡಾನ," ಎಂದ.

ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಹಿಂದಿನ ದಿನ ಗುಂಡ್ಲುಪೇಟೆಯಲ್ಲಿ ಪ್ರಾರ್ಥನಾ ಕೂಟವಿತ್ತು. ಸುತ್ತಲಿನ ಊರುಗಳಿಂದ ಜನ ಬರುತ್ತಿದ್ದರು, ಗಡಿಯಾಚೆಯಿಂದ ಮಲೆಯಾಳಿ ಕುಟುಂಬಗಳೂ ಬರುತ್ತಿದ್ದವು. ಬೆಳಗಿನ ಬೋಧನೆ ಚೌರಪ್ಪನದು, ವಿಷಯ ದೇವರ ಪ್ರೀತಿ ಮತ್ತು ನಿಜವಾದ ಬಿಡುಗಡೆ. ತಾನೂ ಬರುತ್ತೇನೆ ಎಂದು ಸಲೋಮಿ ಹೇಳಿದಾಗ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಚೌರಪ್ಪನಿಗೆ ಗುಂಡ್ಲುಪೇಟೆ ಕಡೆ ಡ್ಯೂಟಿ ಇದ್ದ ಕಾಲದಲ್ಲಿ ಅವರ ಸಂಸಾರ ಅಲ್ಲಿ ಕೆಲವು ವರ್ಷ ಇತ್ತು. ಆಗ ಪಕ್ಕದ ಮನೆಯಲ್ಲಿದ್ದ ವಾಜಿದಾ ಹುಡುಗಿಗೆ ಹೊಲಿಗೆ ಕಲಿಸಿದ್ದಳು. ಅವಳನ್ನು ನೋಡಬೇಕು ಎಂದಳು ಸಲೋಮಿ. ಬೇಡ ಎನ್ನಲು ಯಾರಿಗೂ ಕಾರಣ ಸಿಗಲಿಲ್ಲ.

ಸಂಘದ ಹೆಂಗಸರೆಲ್ಲ ಒಂದೇ ಬಸ್ಸು ಹತ್ತಿದರು. ಸಲೋಮಿ ಹಿಂದಿನ ಸೀಟಿನ ಕಿಟಕಿಯ ಪಕ್ಕ, ಬಾಯಿಗೆ ಸೆರಗು ಹಿಡಿದು ಕುಳಿತಳು. ತೆರಕಣಾಂಬಿಯಲ್ಲಿ ಜನ ತುಂಬಿ, ನಿಲ್ಲಲು ಜಾಗವಿಲ್ಲದಿದ್ದರೂ ಅವಳ ಪಕ್ಕದ ಸೀಟು ಖಾಲಿಯೇ ಇತ್ತು. ಆರೋಗ್ಯಮ್ಮ ಎದ್ದು ಹೋಗಿ ಅಲ್ಲಿ ಕೂರಬೇಕೆಂದುಕೊಂಡಳು. ಅಷ್ಟರಲ್ಲಿ ಪಕ್ಕದಲ್ಲಿದ್ದವಳು ಯಾವುದೋ ಹಾಡಿನ ಸಾಲು ಕೇಳಿದಳು. ಹಾಡು ಮುಗಿಯುವ ಹೊತ್ತಿಗೆ ಊರು ಬಂದಿತ್ತು.

ಶೀಟು ಹೊದಿಸಿದ ಸಭಾಂಗಣ, ನೆಲಕ್ಕೆ ಜಮಖಾನ. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಆರೋಗ್ಯಮ್ಮ ಮುಂದೆ ಕುಳಿತಳು, ಸಲೋಮಿ ಹಿಂದಿನ ಗೋಡೆಗೆ ಒರಗಿ. ಚೌರಪ್ಪ ಮೈಕಿನ ಮುಂದೆ ನಿಂತು, ಬಸ್ಸಿನಲ್ಲಿ ನಿಂತಂತೆ ಕಾಲು ಅಗಲಿಸಿಕೊಂಡ.

"ನಾನು ಕಂಡಕ್ಟರು. ಟಿಕೆಟ್ ಇಲ್ದೋರ್ನ ನಾನು ಇಳಿಸ್ಬೇಕು, ಅದು ನನ್ನ ಕೆಲ್ಸ. ದೇವ್ರು ಹಾಗಲ್ಲ. ಆತನ ಪ್ರೀತಿಗೆ ಟಿಕೆಟ್ ಇಲ್ಲ. ನೀವು ಒಳ್ಳೇವ್ರು ಅಂತ ಆತ ಪ್ರೀತಿಸಲ್ಲ, ನಿಮ್ಮ ಅಪ್ಪ ಅಂತ ಪ್ರೀತಿಸ್ತಾನೆ. ಹಾಗಾದ್ರೆ ಇಷ್ಟ ಬಂದಂಗೆ ಇರ್ಬೋದಾ? ಡ್ರೈವರು ಇಷ್ಟ ಬಂದ ಕಡೆ ಸ್ಟೇರಿಂಗ್ ತಿರುಗಿಸಿದ್ರೆ ಗಾಡಿ ಹಳ್ಳಕ್ಕೆ ಹೋಯ್ತದೆ, ಅದು ಸ್ವಾತಂತ್ರ್ಯ ಅಲ್ಲ. ಚೆಕಿಂಗ್‌ನೋರು ಬರ್ತಾರೆ ಅಂತ ಹೆದರಿ ಸರಿಯಾಗಿ ಟಿಕೆಟ್ ಕೊಡೋ ಕಂಡಕ್ಟರ್ ಇದ್ದಾನಲ್ಲ, ಅವ್ನೂ ಸ್ವತಂತ್ರ ಅಲ್ಲ. ಯಾರೂ ನೋಡ್ದಿದ್ರೂ ಸರಿಯಾಗಿ ಕೊಡ್ತಾನಲ್ಲ, ಅವ್ನು ಸ್ವತಂತ್ರ."

ಜನ ತಲೆದೂಗಿದರು. ಮಲೆಯಾಳಿ ಹೆಂಗಸೊಬ್ಬಳಿಗೆ ಪಕ್ಕದವಳು ಪಿಸುಮಾತಿನಲ್ಲಿ ಅರ್ಥ ಹೇಳುತ್ತಿದ್ದಳು. ಚೌರಪ್ಪನ ದನಿ ಏರಿತು.

"ಜನ ಏನಂತಾರೋ ಅನ್ನೋ ಹೆದರಿಕೆಗಿಂತ ದೊಡ್ಡ ಜೈಲಿಲ್ಲ. ಅದ್ರ ಚಿಲಕ ಹೊರಗಡೆ ಇಲ್ಲ, ಒಳಗಿದೆ. ನಾವೇ ಹಾಕ್ಕಂಡಿರೋದು. ಅಪ್ಪ ನನ್ನ ಕೈ ಬಿಡಲ್ಲ ಅಂತ ಗೊತ್ತಿರೋ ಮಗು, ತಪ್ಪು ಮಾಡಿದ್ರೂ ಓಡಿ ಬಂದು ಹೇಳ್ತದೆ. ಸುಳ್ಳು ಹೇಳೋ ಅವಶ್ಯ ಅದಕ್ಕಿಲ್ಲ. ಅದೇ ಬಿಡುಗಡೆ."

ಎಷ್ಟೋ ಸಲ ಕೇಳಿದ್ದ ಮಾತುಗಳು. ಮನೆಯಲ್ಲಿ ಅವನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುವಾಗ ಆರೋಗ್ಯಮ್ಮ ಸಾರಿಗೆ ಒಗ್ಗರಣೆ ಹಾಕುತ್ತ ಕೇಳಿಸಿಕೊಂಡಿದ್ದಳು. ಅವು ಯಾವಾಗಲೂ ಬೇರೆಯವರಿಗಾಗಿ ಇದ್ದ ಮಾತುಗಳು. ಇವತ್ತು ಚಿಲಕ ಎಂದ ಕೂಡಲೇ ಅವಳ ಕಿವಿ ಬಿಸಿಯಾಯಿತು. ಮಗಳು ಬಂದ ದಿನ ಅಂಟುಗೈಯಲ್ಲಿ ತಾನು ಹಾಕಿದ ಚಿಲಕದ ಸದ್ದು ಕೇಳಿಸಿತು.

ಕೊನೆಗೆ ಮಗಳನ್ನು ಕೊಟ್ಟ ಕಥೆ ಬರುವ ಜಾಗ ಬಂತು. ಕಥೆ ಗೊತ್ತಿದ್ದವರು ಕಾದರು. ಚೌರಪ್ಪ ನಿಂತ. ನೀರು ಕುಡಿದ. ಅವನು ಅದನ್ನು ಬಿಟ್ಟು ಮುಂದೆ ಹೋಗುತ್ತಾನೆ ಎಂದು ಆರೋಗ್ಯಮ್ಮ ಅಂದುಕೊಂಡಳು.

"ನನ್ನ ಮಗಳನ್ನ ದೇವರ ಸೇವೆಗೆ ಕೊಟ್ಟಿದ್ದು ನಿಮಗೆ ಗೊತ್ತಿದೆ," ಎಂದ. "ಈಗ ಎದೆ ಕಾಯಿಲೆಯಿಂದ ಮನೆಗೆ ಬಂದವ್ಳೆ. ಇವತ್ತು ಇಲ್ಲೇ ಕೂತವ್ಳೆ. ಅವಳು ವಾಸಿಯಾಗಿ ಮತ್ತೆ ಆ ಸೇವೆಗೆ ಹೋಗೋ ಹಾಗಾಗ್ಲಿ ಅಂತ ಎಲ್ರೂ ಒಂದು ಪ್ರಾರ್ಥನೆ ಮಾಡಿ."

ರೂಢಿಯಿಂದ ಅಂದನೋ, ಹೆದರಿಕೆಯಿಂದ ಅಂದನೋ, ಆರೋಗ್ಯಮ್ಮನಿಗೆ ಮುಂದೆಂದೂ ತಿಳಿಯಲಿಲ್ಲ. ಸಭಾಂಗಣದ ತುಂಬ ಜನ ಹಿಂದಕ್ಕೆ ತಿರುಗಿ ಸಲೋಮಿಯ ಕಡೆಗೆ ಕೈ ಚಾಚಿದರು. ಕನ್ನಡದಲ್ಲಿ, ಮಲೆಯಾಳದಲ್ಲಿ, ತಮಿಳಿನಲ್ಲಿ ಪ್ರಾರ್ಥನೆ ಎದ್ದಿತು. ಒಬ್ಬಳು ಮುದುಕಿ ರೋಗಕ್ಕೆ ಅಂಜದೆ ಸಲೋಮಿಯ ಬಳಿ ಹೋಗಿ, ಅವಳ ಎದೆಯ ಮೇಲೆ ಅಂಗೈ ಇಟ್ಟು ಕಣ್ಣೀರು ಸುರಿಸುತ್ತ ಬೇಡಿಕೊಂಡಳು. ಸಲೋಮಿ ತಲೆ ತಗ್ಗಿಸಿ ಕುಳಿತಿದ್ದಳು. ಒಂದೇ ಒಂದು ಸಲ ತಲೆಯೆತ್ತಿ ಅಮ್ಮನನ್ನು ನೋಡಿದಳು. ಅದರಲ್ಲಿ ಬೈಗುಳವಿರಲಿಲ್ಲ. ಪರಿಚಯವಿಲ್ಲದವರನ್ನು ಬಸ್ಸಿನಲ್ಲಿ ನೋಡುವ ಹಾಗೆ ನೋಡಿದಳು.

ಆರೋಗ್ಯಮ್ಮ ಎದ್ದು ನಿಂತಳು. ಪಕ್ಕದವರು ಸುಮ್ಮನಾದರು, ಆಮೇಲೆ ಅವರ ಹಿಂದಿನವರು.

"ಅವ್ಳಿಗೆ ಕಾಯ್ಲೆ ಇಲ್ಲ," ಎಂದಳು. "ಕೈ ಇಳಿಸಿ. ಕಾಯ್ಲೆ ಅಂದಿದ್ದು ನಾನು, ಅದು ಸುಳ್ಳು. ಅವ್ಳು ಕಾನ್ವೆಂಟ್ ಬುಟ್ಟು ಬಂದ್ಲು. ಅಲ್ಲಿರಕ್ಕೆ ಅವ್ಳಿಗೆ ಮನ್ಸಿರ್ಲಿಲ್ಲ. ಅದ ಯೋಳಕ್ಕೆ ನಂಗೆ ನಾಚ್ಕೆಯಾಯ್ತು."

ಕೆಲವರ ಕೈಗಳು ಇನ್ನೂ ಗಾಳಿಯಲ್ಲೇ ಇದ್ದವು. ಮುದುಕಿ ಸಲೋಮಿಯ ಎದೆಯ ಮೇಲಿಂದ ಅಂಗೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಚೌರಪ್ಪ ಮೈಕಿನಿಂದ ಹಿಂದೆ ಸರಿದು, ಪಕ್ಕದಲ್ಲಿದ್ದ ಯುವಕನಿಗೆ ಹಾಡು ಶುರು ಮಾಡಲು ಸನ್ನೆ ಮಾಡಿದ. ಹಾಡಿನ ಸದ್ದಿನಲ್ಲಿ ಆರೋಗ್ಯಮ್ಮ ಕುಳಿತಳು. ಎದೆ ಹಗುರವಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ. ಮೈಯೆಲ್ಲ ಬೆಂಕಿ ಹತ್ತಿದಂತಿತ್ತು.

ಮಧ್ಯಾಹ್ನದ ಊಟಕ್ಕೆ ಸಾಲಿನಲ್ಲಿ ನಿಂತಾಗ ಸಂಘದ ಹೆಂಗಸರು ಅವಳ ಹಿಂದೆ ಮುಂದೆ ಜಾಗ ಬಿಟ್ಟು ನಿಂತರು. ಅವಳು ತಟ್ಟೆ ಅಲ್ಲೇ ಇಟ್ಟು ಮಗಳನ್ನು ಹುಡುಕಿಕೊಂಡು ಹೊರಗೆ ಬಂದಳು. ಸಲೋಮಿ ಗೇಟಿನಾಚೆ ಬೇವಿನ ಮರದ ಕೆಳಗೆ ನಿಂತಿದ್ದಳು. ಬಾಯ ಮೇಲೆ ಸೆರಗಿರಲಿಲ್ಲ.

"ಯೋಳ್ಬುಟ್ಟೆ ಕಣವ್ವ," ಎಂದಳು ಆರೋಗ್ಯಮ್ಮ.

"ಕೇಳಿಸ್ತು. ಎರಡು ಸಲ ಜನದ ಮುಂದೆ ನನ್ನ ನಿಲ್ಲಿಸಿದ್ರಿ. ಒಂದ್ಸಲ ಅಪ್ಪ, ಒಂದ್ಸಲ ನೀನು. ನನ್ನ ಯಾರೂ ಕೇಳ್ಳಿಲ್ಲ." ಬೀದಿಯ ತುದಿಗೆ ಕೈ ತೋರಿಸಿ ಅಂದಳು, "ನಾನು ವಾಜಿದಾ ಅಕ್ಕನ ಮನೇಲಿ ಇರ್ತೀನಿ. ಮಷೀನು ಖಾಲಿ ಐತಂತೆ. ಬಕ್ರೀದ್ ಬಟ್ಟೆ ಹೊಲಿಯಕ್ಕೆ ಜನ ಬೇಕಂತೆ. ಬೆಳಗ್ಗೆ ಬಸ್ ಇಳಿದ್ಮೇಲೆ ಓಗಿ ಕೇಳ್ಕಂಡು ಬಂದೆ."

ಬೆಳಗ್ಗೆಯೇ ಕೇಳಿಕೊಂಡು ಬಂದಿದ್ದಳು. ಅಂದರೆ ತಾನು ಎದ್ದು ನಿಂತದ್ದಕ್ಕೂ ಮಗಳ ತೀರ್ಮಾನಕ್ಕೂ ಸಂಬಂಧವೇ ಇರಲಿಲ್ಲ. ಆರೋಗ್ಯಮ್ಮ ತಲೆಯಾಡಿಸಿದಳು. ಬೀದಿಯ ತುದಿಯವರೆಗೂ ಮಗಳು ನಡೆದು ಹೋಗುವುದನ್ನು ನೋಡಿದಳು.

ಮನೆಗೆ ಬಂದ ಮೇಲೆ ಗಂಡ ಹೆಂಡತಿಗೆ ಮಾತಿನ ಮೇಲೆ ಮಾತು ಬೆಳೆಯಿತು. ಅಷ್ಟು ಜನರ ನಡುವೆ ನಿಂತು ಹೇಳಬೇಕಿತ್ತಾ, ಮನೆಗೆ ಬಂದು ಹೇಳಿದ್ದರೆ ಆಗುತ್ತಿರಲಿಲ್ಲವಾ ಎಂದ ಚೌರಪ್ಪ. ಇಷ್ಟು ವರ್ಷದ ಬೋಧನೆಯನ್ನು ಒಂದು ಗಳಿಗೆಯಲ್ಲಿ ಮಣ್ಣುಪಾಲು ಮಾಡಿದೆ ಎಂದ.

"ಮನೇಲಿ ಯಾರ್ಗೆ ಯೋಳ್ಲಿ?" ಎಂದಳು ಆರೋಗ್ಯಮ್ಮ. "ಮನೇಲಿ ಎಲ್ಲಾರ್ಗೂ ಗೊತ್ತಿತ್ತಲ್ಲ."

ಅವನು ಅರ್ಧ ಊಟಕ್ಕೇ ಎದ್ದ. ಈಸ್ಟರ್ ಬಂತು. ಮಾತೆಯರ ಸಂಘಕ್ಕೆ ಬೇರೆಯವಳು ಅಧ್ಯಕ್ಷೆಯಾದಳು. ಯಾರೂ ಹೇಳುವ ಮೊದಲೇ ಆರೋಗ್ಯಮ್ಮ ಹಿಂದಿನ ಸಾಲಿಗೆ ಹೋಗಿ ಕುಳಿತಳು. ಹಬ್ಬದ ವಾರದಲ್ಲಿ ಉಮ್ಮತ್ತೂರು ಕಡೆಯ ಹಳ್ಳಿಯಿಂದ ಚೌರಪ್ಪನನ್ನು ಬೋಧನೆಗೆ ಕರೆಯಲು ಬಂದರು. ಗಂಟಲು ಸರಿಯಿಲ್ಲ ಎಂದು ಹೇಳಿ ಕಳಿಸಿದ. ಜ್ಞಾನಮ್ಮ ಅವರು ಹೋಗುವವರೆಗೂ ಕಾದು, "ಈ ಮನೇಲಿ ಒಬ್ರಾದ್ಮೇಲೆ ಒಬ್ರಿಗೆ ಕಾಯ್ಲೆ," ಎಂದಳು. ಮರುದಿನ ಚೌರಪ್ಪ ತಾನೇ ಸೈಕಲ್ ತುಳಿದುಕೊಂಡು ಆ ಹಳ್ಳಿಗೆ ಹೋಗಿ, ಗಂಟಲಿಗೇನೂ ಆಗಿಲ್ಲ, ಸದ್ಯಕ್ಕೆ ಮಾತಾಡುವ ಮುಖ ನನಗಿಲ್ಲ ಎಂದು ಹೇಳಿ ಬಂದನಂತೆ. ಇದು ಆರೋಗ್ಯಮ್ಮನಿಗೆ ಬಹಳ ದಿನಗಳ ಮೇಲೆ ಬೇರೆಯವರ ಬಾಯಿಂದ ತಿಳಿಯಿತು.

ಅವಳೂ ಹೋಗಬೇಕಾದ ಕಡೆಗೆ ಹೋದಳು. ಮಹಾಲಕ್ಷ್ಮಮ್ಮನಿಗೆ ಚೊಂಬು ಹಿಂದಿರುಗಿಸಿ ನಿಜ ಹೇಳಿದಳು. ಮಹಾಲಕ್ಷ್ಮಮ್ಮ ಚೊಂಬು ತೆಗೆದುಕೊಂಡಳು, ಮಾತು ಬಿಟ್ಟಳು. ನೀಲಕಂಠಸ್ವಾಮಿ ಮೇಷ್ಟ್ರು ಕನ್ನಡಕ ತೆಗೆದು ಅವಳನ್ನು ನೋಡಿ, ಆ ಜಾಗಕ್ಕೆ ಬೇರೆ ಹುಡುಗಿ ಬಂದಾಯಿತಲ್ಲಮ್ಮ ಎಂದರು. ನಿಮ್ಮ ಮಗಳ ಬಳಿ ಕ್ಷಮೆ ಕೇಳಿದೆ ಅಂತ ತಿಳಿಸಿ, ನಾನೂ ಅವಳನ್ನೇ ಒಂದು ಮಾತು ಕೇಳಬಹುದಿತ್ತು ಎಂದರು. ಆ ಮಾತು ಹೊತ್ತುಕೊಂಡು ಬರುವಾಗ ಆರೋಗ್ಯಮ್ಮನಿಗೆ ಹೆಜ್ಜೆ ಭಾರವಾಯಿತು.

ಮೇ ತಿಂಗಳ ಕೊನೆಗೆ ಮೊದಲ ಮಳೆ ಬಿದ್ದ ಮೇಲೆ ಅವಳು ಒಬ್ಬಳೇ ಗುಂಡ್ಲುಪೇಟೆಗೆ ಹೋದಳು. ವಾಜಿದಾಳ ಮನೆಯ ಮುಂಗೋಣೆಯಲ್ಲಿ ಎರಡು ಮಷೀನು. ಒಂದರಲ್ಲಿ ಸಲೋಮಿ ತಲೆ ಬಗ್ಗಿಸಿ ಕುಪ್ಪಸ ಹೊಲಿಯುತ್ತಿದ್ದಳು. ಕೆನ್ನೆ ಸ್ವಲ್ಪ ತುಂಬಿಕೊಂಡಿತ್ತು. ವಾಜಿದಾ, "ಬಾರಮ್ಮ, ಎಷ್ಟು ವರ್ಸ ಆಯ್ತು," ಎಂದು ಕೈ ಹಿಡಿದು ಕೂರಿಸಿ, ಚಹಾ ತರಲು ಒಳಗೆ ಹೋದವಳು ತಾಯಿ ಮಗಳನ್ನು ಬಿಟ್ಟು ಹೊರಗೆ ಬರಲೇ ಇಲ್ಲ.

ಆರೋಗ್ಯಮ್ಮ ಮೇಷ್ಟ್ರು ಹೇಳಿದ್ದನ್ನು ಹೇಳಿದಳು. ಅಜ್ಜಿ ಕೇಳಿದಳು ಎಂದಳು. ಅಪ್ಪ ಬೋಧನೆಗೆ ಹೋಗುತ್ತಿಲ್ಲ ಎಂದಳು. ಸಲೋಮಿ ಹೊಲಿಯುತ್ತಲೇ ಕೇಳಿಸಿಕೊಂಡಳು.

"ಅಪ್ಪ ಯೋಳಿದ್ರಲ್ಲಿ ತಪ್ಪಿರ್ಲಿಲ್ಲ ಕಣವ್ವ," ಎಂದಳು. "ಅವತ್ತು ಚೆನ್ನಾಗೇ ಯೋಳುದ್ರು. ಬೋಧನೆಗೆ ಓಗ್ಲಿ ಅನ್ನು."

"ಪೂಜೆಗೆ ಓಗ್ತಿದ್ದೀಯಾ?"

"ಭಾನ್ವಾರ ಓಗ್ತೀನಿ. ನಂಗೆ ದೇವ್ರ ಮೇಲೆ ಕ್ವಾಪ ಇಲ್ಲ. ನನ್ನ ಕೊಡು ಅಂತ ಅವ್ನು ಯಾರ್ನೂ ಕೇಳಿರ್ಲಿಲ್ವಲ್ಲ. ಕೇಳಿದ್ದೂ ಕೊಟ್ಟಿದ್ದೂ ನೀವೇಯ."

ಆರೋಗ್ಯಮ್ಮ ನೆಲದ ಮೇಲೆ ಬಿದ್ದಿದ್ದ ಬಟ್ಟೆಯ ಚೂರುಗಳನ್ನು ಆರಿಸಿ ಒಂದು ಕಡೆ ಗುಡ್ಡೆ ಮಾಡತೊಡಗಿದಳು. ಸಲೋಮಿ ದಾರ ಕಡಿದು, ಕುಪ್ಪಸ ಮಡಿಸಿಟ್ಟಳು.

"ಸಂಜೆ ಬಸ್ಸಿಗೆ ಓಗ್ತೀಯಾ, ಇಲ್ಲೇ ಇವತ್ತು ಇರ್ತೀಯಾ?" ಎಂದು ಕೇಳಿದಳು. "ನಿನ್ನಿಷ್ಟ."

ಆರೋಗ್ಯಮ್ಮನ ಕೈ ನಿಂತಿತು. ತವರಿನಲ್ಲಿ, ಗಂಡನ ಮನೆಯಲ್ಲಿ, ಚರ್ಚಿನಲ್ಲಿ, ಎಲ್ಲೂ ಯಾರೂ ಅವಳಿಗೆ ಆ ಮಾತು ಅಂದಿರಲಿಲ್ಲ. ಅವಳೂ ಯಾರಿಗೂ ಅಂದಿರಲಿಲ್ಲ, ಉಳಿದ ಒಂದೇ ಮಗಳಿಗೂ. ಮುಖ ಬಿಸಿಯಾಯಿತು. ಮನೆಯಲ್ಲಿ ಸಂಜೆಗೆ ಹಿಟ್ಟು ತೊಳಸುವವರಿಲ್ಲ, ಅತ್ತೆಗೆ ಒಲೆಯ ಮುಂದೆ ಕೂರಲಾಗದು, ಹೇಳದೆ ಉಳಿದರೆ ಚೌರಪ್ಪ ಏನೆಂದುಕೊಳ್ಳುತ್ತಾನೋ ಎಂದೆಲ್ಲ ಒಂದರ ಹಿಂದೆ ಒಂದು ನೆನಪಾಯಿತು. ಸಲೋಮಿ ಒತ್ತಾಯ ಮಾಡಲಿಲ್ಲ. ಮುಂದಿನ ಬಟ್ಟೆ ಹರಡಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು.

"ಇರ್ತೀನಿ," ಎಂದಳು ಆರೋಗ್ಯಮ್ಮ.

"ಏನಂದೆ?"

ಅವಳು ಇನ್ನೊಂದು ಸಲ, ಒಳಗಿದ್ದ ವಾಜಿದಾಳಿಗೂ ಕೇಳಿಸುವಂತೆ ಹೇಳಿದಳು.